ಹೀರೋ ನಿರಪರಾಧಿ ಸರಿ, ಬೈಕ್ ಕದ್ದ ಕೇಸ್ ಏನಾಯ್ತು?

ಭಾಗ 1/6

ಈ ಕಥೆ ನಮಗೆಲ್ಲಾ ಬಾಯಿಪಾಠ. ಮಾಡದ ಕೊಲೆಗೆ ಹೀರೋ ಒಳಗೆ ಹೋಗ್ತಾನೆ. ಕೋರ್ಟಿಗೆ ಕರ್ಕೊಂಡು ಹೋಗೋ ದಾರೀಲಿ ವ್ಯಾನಿಂದ ಹಾರ್ತಾನೆ. ಇಬ್ಬರು ಕಾನ್‌ಸ್ಟೇಬಲ್‌ಗಳಿಗೆ ಏಟು, ಯಾರದ್ದೋ ಬೈಕು, ಮುರಿದ ಬ್ಯಾರಿಕೇಡು, ಗೋಡೌನಿನಲ್ಲಿ ಹತ್ತಾರು ರೌಡಿಗಳು. ಕೊನೇಲಿ ವಿಲನ್ ಸಾಯ್ತಾನೆ, ಕಮಿಷನರ್ ಬಂದು ಕೈ ಕುಲುಕ್ತಾರೆ. ಶುಭಂ.

1982ರಲ್ಲಿ ಶಂಕರ್‌ನಾಗ್ ಸಿನಿಮಾದ ಹೆಸರೇ ‘ನ್ಯಾಯ ಎಲ್ಲಿದೆ’. 2019ರ ‘ಕವಚ’ದಲ್ಲಿ ಶಿವಣ್ಣ ಕಣ್ಣು ಕಾಣದವರು, ಕೊಲೆ ಅನುಮಾನ ಅವರ ಮೇಲೇ. ಸುಳ್ಳು ಆರೋಪದ ಕಥೆ ಅಂದ್ರೆ ನಮ್ಮ ಜನಕ್ಕೆ ಯಾವತ್ತೂ ಬೇಜಾರಾಗಿಲ್ಲ.

ಈಗ ಒಂದು ಊಹೆ ಮಾಡಿ. ಹೀರೋ ನಮ್ಮ ಮರಳೂರು ದಿಣ್ಣೆಯಲ್ಲಿ ಹಾಲು ಹಾಕೋರ ಬೈಕ್ ಕಿತ್ಕೊಂಡು ಕುಣಿಗಲ್ ರಸ್ತೆ ಹಿಡಿದ ಅಂತಿಟ್ಕೊಳ್ಳಿ. ಕ್ಲೈಮ್ಯಾಕ್ಸ್ ಮುಗಿದ ಮಾರನೇ ದಿನ ಆ ಹಾಲಿನವರು ಸ್ಟೇಷನ್‌ಗೆ ಬಂದು ದೂರು ಕೊಟ್ರೆ? “ಅವನು ಒಳ್ಳೆಯವನು ಕಣ್ರೀ” ಅಂತ ಪೊಲೀಸರು ಕಳಿಸಿಬಿಡ್ತಾರಾ?

ಈ ಸರಣಿಯಲ್ಲಿ ಅದೇ ವಿಷಯ. ಆದ್ರೆ ಬೈಕಿಗೆ ನಿಲ್ಲಲ್ಲ. ಓಡಿಹೋಗದೆ ಕೂತ, ನಿಜವಾದ ನಿರಪರಾಧಿಗಳಿಗೆ ಏನಾಯ್ತು ಅನ್ನೋವರೆಗೂ ಹೋಗೋಣ.

ಭಾಗ 2/6: ಆರ್ಯಕ ಮತ್ತು ಚಾರುದತ್ತ

ಶೂದ್ರಕನ ‘ಮೃಚ್ಛಕಟಿಕ’ ನಾಟಕ ಒಂದೂವರೆ ಸಾವಿರ ವರ್ಷಕ್ಕೂ ಹಳೆಯದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಗಿರೀಶ್ ಕಾರ್ನಾಡರು 1984ರಲ್ಲಿ ‘ಉತ್ಸವ್’ ಅಂತ ಹಿಂದಿ ಸಿನಿಮಾ ಮಾಡಿದ್ದು ಇದರಿಂದಲೇ.

ಅದರಲ್ಲಿ ನಿರಪರಾಧಿಗಳು ಇಬ್ಬರು.

ಒಬ್ಬ ಚಾರುದತ್ತ. ರಾಜನ ಭಾಮೈದ ಶಕಾರ, ವಸಂತಸೇನೆಯ ಕತ್ತು ಹಿಸುಕಿ, ಸತ್ತಳು ಅಂದ್ಕೊಂಡು, ತಾನೇ ನ್ಯಾಯಾಲಯಕ್ಕೆ ಹೋಗಿ ಚಾರುದತ್ತನ ಮೇಲೆ ದೂರು ಕೊಡ್ತಾನೆ. ಚಾರುದತ್ತನ ಗೆಳೆಯನ ಹತ್ತಿರ ಅವಳ ಒಡವೆ ಸಿಗುತ್ತೆ. ಸಾಕ್ಷಿ ಸಾಕಾಯ್ತು. ಚಾರುದತ್ತ ಓಡಿಹೋಗಲ್ಲ. ವಧಾಸ್ಥಾನದವರೆಗೂ ನಡೆದೇ ಹೋಗ್ತಾನೆ. ಕೊನೇ ಗಳಿಗೆಯಲ್ಲಿ ವಸಂತಸೇನೆ ಜೀವಂತ ಬಂದಿದ್ದಕ್ಕೆ ಉಳಿದ.

ಇನ್ನೊಬ್ಬ ಆರ್ಯಕ. ಇವನು ರಾಜ ಆಗ್ತಾನೆ ಅಂತ ಯಾರೋ ಭವಿಷ್ಯ ಹೇಳಿದ್ರು, ಅಷ್ಟಕ್ಕೇ ಸೆರೆಮನೆ. ಅವನು ಬೇಡಿ ಸಮೇತ ತಪ್ಪಿಸಿಕೊಂಡು ಚಾರುದತ್ತನ ಬಂಡಿಯಲ್ಲೇ ಪಾರಾಗ್ತಾನೆ. ಕೊನೆಗೆ ಹಳೇ ರಾಜ ಸತ್ತು ಇವನೇ ರಾಜ.

ಆರ್ಯಕನ ಮೇಲೆ ಜೈಲು ಮುರಿದ ಕೇಸ್ ಯಾಕೆ ಬೀಳಲಿಲ್ಲ? ಕೇಸ್ ಹಾಕಬೇಕಾದ ಸಿಂಹಾಸನದ ಮೇಲೆ ಅವನೇ ಕೂತಿದ್ದ!

ಆಕ್ಷನ್ ಸಿನಿಮಾಗಳು ಹಿಡಿದಿದ್ದು ಆರ್ಯಕನ ದಾರಿ. 1993ರ ಹಾಲಿವುಡ್ ಸಿನಿಮಾ ‘ದಿ ಫ್ಯುಜಿಟಿವ್’ನಲ್ಲಿ ಹೆಂಡತಿ ಕೊಲೆ ಆರೋಪ ಹೊತ್ತ ಡಾಕ್ಟರ್ ತಪ್ಪಿಸಿಕೊಂಡು ನಿಜವಾದ ಕೊಲೆಗಾರನನ್ನ ಹುಡುಕ್ತಾನೆ. ಆ ಕಥೆ ಬಂದಾಗಲೆಲ್ಲ ಜನ ನೆನೆಯೋ ನಿಜವಾದ ಡಾಕ್ಟರ್ ಅಮೆರಿಕದ ಸ್ಯಾಮ್ ಶೆಪರ್ಡ್. ಅವರು ಯಾವ ಬಸ್ಸಿಂದಲೂ ಹಾರಲಿಲ್ಲ. 1954ರಲ್ಲಿ ಶಿಕ್ಷೆ ಆಯ್ತು, ಸುಮಾರು 10 ವರ್ಷ ಜೈಲು, 1966ರ ಮರುವಿಚಾರಣೆಯಲ್ಲಿ ಖುಲಾಸೆ, 1970ರಲ್ಲಿ ಸಾವು. ವಯಸ್ಸು 46. ಅವರದ್ದು ಚಾರುದತ್ತನ ದಾರಿ.

ಭಾಗ 3/6: ಸೆಕ್ಷನ್ ಲೆಕ್ಕ

ಈಗ ನಮ್ಮ ಹೀರೋ ಲೆಕ್ಕ ಹಾಕೋಣ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್ ಬಂದಿದೆ. ನಂಬರ್ ಬದಲಾಗಿದೆ, ತಿರುಳು ಹೆಚ್ಚುಕಮ್ಮಿ ಅದೇ.

👉 ಕಸ್ಟಡಿಯಿಂದ ಪರಾರಿ: ಹಳೇ 224, ಈಗ 262. 2 ವರ್ಷದವರೆಗೆ ಜೈಲು. ಇದು ಮೂಲ ಅಪರಾಧದ ಶಿಕ್ಷೆಗೆ ಸೇರೋದಲ್ಲ, ಅದರ ಜೊತೆಗೆ ಪ್ರತ್ಯೇಕ ಅಂತ ಕಾನೂನೇ ಹೇಳುತ್ತೆ. ಕಸ್ಟಡಿ ಕಾನೂನುಬದ್ಧವಾಗಿದ್ರೆ ಸಾಕು. “ಆ ಕೊಲೆ ನಾನು ಮಾಡಿಲ್ಲ” ಅನ್ನೋದು ಇಲ್ಲಿ ಉತ್ತರ ಆಗಲ್ಲ.

👉 ಕಾನ್‌ಸ್ಟೇಬಲ್‌ಗೆ ಏಟು: ಹಳೇ 332, ಈಗ 121. ಗಾಯಕ್ಕೆ 5 ವರ್ಷದವರೆಗೆ, ಮೂಳೆ ಮುರಿದಂಥ ಭಾರೀ ಗಾಯಕ್ಕೆ 10 ವರ್ಷದವರೆಗೆ. ಆತ್ಮರಕ್ಷಣೆ ಅನ್ನಬಹುದಾ? ಕಷ್ಟ. ಪೊಲೀಸರು ಸದ್ಭಾವನೆಯಿಂದ ಕರ್ತವ್ಯ ಮಾಡ್ತಿದ್ರೆ, ಅದರಲ್ಲಿ ಕಾನೂನಿನ ಸಣ್ಣಪುಟ್ಟ ಲೋಪ ಇದ್ರೂ, ಸಾವಿನ ಅಥವಾ ಭಾರೀ ಗಾಯದ ಭಯ ಹುಟ್ಟದ ಹೊರತು ಅವರ ವಿರುದ್ಧ ಆತ್ಮರಕ್ಷಣೆಯ ಹಕ್ಕು ಇಲ್ಲ.

👉 ಬೈಕ್: “ವಾಪಸ್ ಕೊಡ್ತೀನಿ” ಅಂದ್ರೂ ಕಳ್ಳತನ ಆಗಬಹುದು. ವಾಯುಪಡೆಯ ಒಬ್ಬ ಕೆಡೆಟ್ ತರಬೇತಿ ವಿಮಾನ ಹಾರಿಸ್ಕೊಂಡು ಪಾಕಿಸ್ತಾನಕ್ಕೆ ಹೋಗಿಬಿಟ್ಟಿದ್ದ. ತಾತ್ಕಾಲಿಕವಾಗಿ ತಗೊಂಡ್ರೂ ಕಳ್ಳತನವೇ ಅಂತ 1957ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು.

👉 ಹೀರೋಯಿನ್: ಪರಾರಿಯಾದವನು ಅಂತ ಗೊತ್ತಿದ್ದೂ ಮನೇಲಿ ಅಡಗಿಸಿಟ್ರೆ ಅದೂ ಅಪರಾಧ, ಹಳೇ 216, ಈಗ 253. ಗಂಡ ಅಥವಾ ಹೆಂಡತಿಗೆ ಮಾತ್ರ ವಿನಾಯಿತಿ. ಮದುವೆ ಸಿನಿಮಾದ ಕೊನೇಲಿ ಅಲ್ವಾ? ಹಾಗಾದ್ರೆ ವಿನಾಯಿತಿ ಇಲ್ಲ 🙂

👉 ವಿಲನ್: ಗನ್ ಹಿಡಿದು ಬರೋವಾಗ ಹೊಡೆದ್ರೆ ಆತ್ಮರಕ್ಷಣೆ. ಅವನು ಬಿದ್ದು ಕೈಮುಗಿದ ಮೇಲೆ ಡೈಲಾಗ್ ಹೊಡೆದು ಕೊಂದ್ರೆ ಅದು ಕೊಲೆ. ಅಪಾಯ ಮುಗಿದಾಗ ಆ ಹಕ್ಕೂ ಮುಗೀತು.

ಅಂದ್ರೆ ಸುಳ್ಳು ಕೇಸಿನಿಂದ ಹೊರಬಂದ ಹೀರೋ ಅರ್ಧ ಡಜನ್ ನಿಜವಾದ ಕೇಸಿನೊಳಗೆ. ಕಮಿಷನರ್ ಕೈ ಕುಲುಕಿದ್ರೆ ಅವು ಬಿದ್ದುಹೋಗಲ್ಲ. ಪ್ರಾಸಿಕ್ಯೂಟರ್ ಕೇಸ್ ವಾಪಸ್ ಪಡೀಬೇಕು, ಅದಕ್ಕೂ ಕೋರ್ಟ್ ಒಪ್ಪಬೇಕು.

ಭಾಗ 4/6: ಒಂದೇ ಕಡೆಯ ಟಿಕೆಟ್

ಸಿನಿಮಾದಲ್ಲಿ ಓಟವೇ ಹೀರೋತನ. ನಿಜ ಜೀವನದಲ್ಲಿ ಓಡ್ತಿದ್ದಾನೆ ಅಂತ ಕಂಡ್ರೂ ಸಾಕು, ಅದೇ ಅನುಮಾನ.

2007ರ ಜುಲೈ 2. ಬೆಂಗಳೂರಿನ ಡಾ. ಮೊಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನ. ಕೈಯಲ್ಲಿ ಬೆಂಗಳೂರಿಗೆ ಒಂದೇ ಕಡೆಯ ಟಿಕೆಟ್. ಊರಲ್ಲಿ ಆಗ ತಾನೇ ಮಗಳು ಹುಟ್ಟಿದ್ಲು, ನೋಡೋಕೆ ಹೊರಟಿದ್ರು. ಪೊಲೀಸರಿಗೆ ಅದು ಪರಾರಿ ಥರ ಕಾಣ್ತು.

ಕಾರಣ ಒಂದು ಸಿಮ್ ಕಾರ್ಡ್. ಬ್ರಿಟನ್ ಬಿಟ್ಟು ಬರುವಾಗ ಸಂಬಂಧಿಕರಿಗೆ ಕೊಟ್ಟು ಬಂದಿದ್ದು. ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದ ಜೀಪಿನಲ್ಲಿ ಆ ಸಿಮ್ ಸಿಕ್ತು ಅಂತ ಕೋರ್ಟಿಗೆ ಹೇಳಿದ್ರು. ಆಮೇಲೆ ಗೊತ್ತಾಯ್ತು, ಅದು ಸಿಕ್ಕಿದ್ದು ಎಷ್ಟೋ ದೂರದ ಲಿವರ್‌ಪೂಲ್‌ನಲ್ಲಿ. ಜಾಮೀನು ಸಿಕ್ಕ ದಿನವೇ ಸರ್ಕಾರ ವೀಸಾ ರದ್ದು ಮಾಡಿ ಒಳಗೇ ಇಟ್ಟಿತು. ಜುಲೈ 27ಕ್ಕೆ ಆರೋಪ ಕೈಬಿಟ್ರು.

ಅಲ್ಲಿಗೆ ಮುಗೀಲಿಲ್ಲ ಅನ್ನೋದೇ ಇಲ್ಲಿ ಮುಖ್ಯ. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರಿಂದ ಸರ್ಕಾರವೇ ತನಿಖೆ ಮಾಡಿಸ್ತು. ಆರೋಪ ಹೊರಿಸುವಷ್ಟು ಸಾಕ್ಷಿಯೇ ಇರಲಿಲ್ಲ ಅಂತ 2008ರಲ್ಲಿ ವರದಿ ಬಂತು. 2010ರಲ್ಲಿ ಪರಿಹಾರವೂ ಸಿಕ್ತು. ತಪ್ಪು ಎಲ್ಲಾಯ್ತು ಅಂತ ಒಂದು ದೇಶ ಕಾಗದದ ಮೇಲೆ ಬರೆದುಕೊಡ್ತು. ಒಳಗಿದ್ದಿದ್ದು 1 ತಿಂಗಳೂ ಇಲ್ಲ.

ಭಾಗ 5/6: ತೀರ್ಪು ಕೇಳದೆ ಹೋದವರು

1994ರ ಇಸ್ರೋ ಗೂಢಚಾರಿಕೆ ಕೇಸ್ ಅಂದ್ರೆ ವಿಜ್ಞಾನಿ ನಂಬಿ ನಾರಾಯಣನ್ ಹೆಸರು ನೆನಪಾಗುತ್ತೆ. 2022ರಲ್ಲಿ ಮಾಧವನ್ ‘ರಾಕೆಟ್ರಿ’ ಸಿನಿಮಾ ಮಾಡಿದ್ರು. ಅದೇ ಕೇಸಿನಲ್ಲಿ ಬೆಂಗಳೂರಿನ ಇಬ್ಬರೂ ಇದ್ರು, ಅವರ ಬಗ್ಗೆ ಸಿನಿಮಾ ಇಲ್ಲ.

ಕೆ. ಚಂದ್ರಶೇಖರ್, ರಷ್ಯಾದ ಗ್ಲಾವ್‌ಕಾಸ್ಮೊಸ್ ಸಂಸ್ಥೆಯ ಭಾರತದ ಪ್ರತಿನಿಧಿ. ಇಸ್ರೋ ಕ್ರಯೋಜೆನಿಕ್ ಎಂಜಿನ್‌ಗೆ ಒಪ್ಪಂದ ಮಾಡ್ಕೊಂಡಿದ್ದು ಆ ಸಂಸ್ಥೆ ಜೊತೆಗೇ. ಇನ್ನೊಬ್ಬರು ಗುತ್ತಿಗೆದಾರ ಎಸ್.ಕೆ. ಶರ್ಮ. ರಾಕೆಟ್ ರಹಸ್ಯ ಮಾರಿದ್ರು ಅಂತ ಕೇರಳ ಪೊಲೀಸರ ಕೇಸ್. ಪೇಪರ್‌ಗಳಲ್ಲಿ ‘ದೇಶದ್ರೋಹಿ’.

1996ರಲ್ಲಿ ಸಿಬಿಐ ಹೇಳ್ತು: ಇದರಲ್ಲಿ ಹುರುಳಿಲ್ಲ. ಕೋರ್ಟ್ ಎಲ್ಲರನ್ನೂ ಬಿಡ್ತು. ಕೇರಳ ಸರ್ಕಾರ ಮತ್ತೆ ತನಿಖೆ ಮಾಡ್ತೀವಿ ಅಂತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ, ತಲಾ 1 ಲಕ್ಷ ರೂಪಾಯಿ ಕೊಡಿ ಅಂತು. ಆ ತೀರ್ಪಿನ ಹೆಸರೇ ‘ಕೆ. ಚಂದ್ರಶೇಖರ್ ವಿರುದ್ಧ ಕೇರಳ ರಾಜ್ಯ’. ಕಾನೂನು ಪುಸ್ತಕದಲ್ಲಿ ಅವರ ಹೆಸರು ಹಾಗೆ ಉಳೀತು. ಊರಿನವರ ಬಾಯಲ್ಲಿ ಹಳೇ ಹೆಸರು ಅಷ್ಟು ಬೇಗ ಅಳಿಸುತ್ತಾ?

2018ರ ಸೆಪ್ಟೆಂಬರ್ 14. ಬಂಧನಕ್ಕೆ ಯಾವ ಆಧಾರವೂ ಇರಲಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸ್ತು. ಅದೇ ಬೆಳಿಗ್ಗೆ, ತೀರ್ಪು ಬರೋಕೆ ಕೆಲವೇ ಗಂಟೆ ಮುಂಚೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಚಂದ್ರಶೇಖರ್ ಕೋಮಾಗೆ ಜಾರಿದ್ರು. ಎರಡು ದಿನಕ್ಕೆ ತೀರಿಕೊಂಡ್ರು. ಅದೇ ವರ್ಷ ನವೆಂಬರ್‌ನಲ್ಲಿ ಶರ್ಮ ಅವರೂ ಹೋದ್ರು.

ಕೇಸ್ ಕಟ್ಟಿದ ಆರೋಪದ ಮೇಲೆ ಮಾಜಿ ಅಧಿಕಾರಿಗಳ ವಿರುದ್ಧ ಸಿಬಿಐ ಚಾರ್ಜ್‌ಶೀಟ್ ಹಾಕಿದ್ದು 2024ರಲ್ಲಿ. 30 ವರ್ಷ!

ಭಾಗ 6/6: ವಸಂತಸೇನೆ ಮಡಿಕೇರಿಯಲ್ಲಿ ಸಿಕ್ಕಳು

ಇದು ಮೊನ್ನೆ ಮೊನ್ನೆಯದು. ಕೊಡಗಿನ ಒಬ್ಬ ಬುಡಕಟ್ಟು ಕೂಲಿಕಾರ. ಹೆಂಡತಿ ಕಾಣೆ ಅಂತ ಅವನೇ ದೂರು ಕೊಟ್ಟಿದ್ದ. 2021ರಲ್ಲಿ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ತು, ಅದು ಅವಳದ್ದೇ ಅಂತ ಹೇಳಿ ಕೊಲೆ ಕೇಸಲ್ಲಿ ಅವನನ್ನೇ ಒಳಗೆ ಹಾಕಿದ್ರು. ಡಿಎನ್‌ಎ ಹೊಂದಲಿಲ್ಲ, ಆದ್ರೂ ಕೇಸ್ ನಿಲ್ಲಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಜೈಲು.

2025ರ ಏಪ್ರಿಲ್ 1ರಂದು ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡ್ರು. ಅದೇ ತಿಂಗಳು ಮೈಸೂರಿನ ಕೋರ್ಟ್ ಅವನನ್ನ ಗೌರವಪೂರ್ವಕ ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶ ಮಾಡ್ತು. ಮೃಚ್ಛಕಟಿಕದ ಹತ್ತನೇ ಅಂಕ ಅಕ್ಷರಶಃ ನಡೀತು, ನೋಡಿ. ವಸಂತಸೇನೆ ಕಣ್ಣಿಗೆ ಬೀಳದಿದ್ರೆ ಆ ಕೇಸ್ ಎಲ್ಲಿಗೆ ಹೋಗ್ತಿತ್ತೋ ಯೋಚನೆ ಮಾಡಿ.

ಇಂಥವರಿಗೆ ಪರಿಹಾರ ಇಷ್ಟೇ, ಹೀಗೇ ಕೊಡಬೇಕು ಅಂತ ನಮ್ಮಲ್ಲಿ ಒಂದು ಪ್ರತ್ಯೇಕ ಕಾನೂನು ಇಲ್ಲ. ಆಧಾರ ಇಲ್ಲದೆ ಒಬ್ಬರನ್ನ ಬಂಧನ ಮಾಡಿಸಿದವರಿಂದ ಪರಿಹಾರ ಕೊಡಿಸೋ ಒಂದು ಸೆಕ್ಷನ್ ಇದೆ, ಹಳೇ 358, ಹೊಸ ಬಿಎನ್‌ಎಸ್‌ಎಸ್‌ನಲ್ಲಿ 399. ಅದರ ಮಿತಿ ಎಷ್ಟು ಗೊತ್ತಾ? 1,000 ರೂಪಾಯಿ. ಕಾನೂನು ಹೊಸದಾಯ್ತು, ಮೊತ್ತ ಬದಲಾಗಲಿಲ್ಲ. ದೊಡ್ಡ ಮೊತ್ತ ಬೇಕಂದ್ರೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕು. ಬಿಹಾರದ ರುದುಲ್ ಷಾ ಖುಲಾಸೆ ಆದ ಮೇಲೂ 14 ವರ್ಷ ಜೈಲಲ್ಲೇ ಕೊಳೆತರು. 1983ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಒಟ್ಟು 35,000 ರೂಪಾಯಿ ಕೊಡಿಸಿದ ಮೇಲೇ ಈ ಬಾಗಿಲು ತೆರೆದಿದ್ದು. ತಪ್ಪು ಕೇಸಿಗೆ ಸಿಕ್ಕವರಿಗೆ ವಿಶೇಷ ಕೋರ್ಟು, ಕಾನೂನಿನಡಿ ಪರಿಹಾರ ಬೇಕು ಅಂತ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಹೇಳಿದ್ದು 2018ರ ಆಗಸ್ಟ್‌ನಲ್ಲಿ. ಹೊಸ ಕಾನೂನು ಬರೆಯುವಾಗ ಅದನ್ನ ಸೇರಿಸಲಿಲ್ಲ.

ಹೀರೋ ಯಾಕೆ ವ್ಯಾನಿಂದ ಹಾರ್ತಾನೆ ಅಂತ ಈಗ ಅರ್ಥ ಆಗುತ್ತೆ ಅಲ್ವಾ? ಕೂತು ಕಾದ್ರೆ ಏನಾಗುತ್ತೆ ಅಂತ ನೋಡೋ ನಮಗೂ ಗೊತ್ತು. ಅದಕ್ಕೇ ಶಿಳ್ಳೆ ಹೊಡೀತೀವಿ.

ಆದ್ರೆ ನಮ್ಮ ನಿಮ್ಮಂಥವರಿಗೆ ಸಿಂಹಾಸನ ಸಿಗಲ್ಲ, ಆರ್ಯಕನ ದಾರಿ ನಮ್ಮದಲ್ಲ. ನಿಮಗೆ ಗೊತ್ತಿರೋ ಯಾರಿಗಾದ್ರೂ ಇಂಥದ್ದು ಬಂದ್ರೆ ಓಡಬೇಡಿ ಅನ್ನಿ. ಮೊದಲು ವಕೀಲರು, ಜಾಮೀನು. ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕಸ್ಟಡಿಯಲ್ಲಿ ಇರೋರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100. ಈ ನಂಬರ್ ಸೇವ್ ಮಾಡ್ಕೊಳ್ಳಿ.

#ಮರಳೂರು #ತುಮಕೂರು #ಸಿನಿಮಾಮತ್ತುಕಾನೂನು #ಇತಿಹಾಸ