ಮುಂಬಯಿಯ ಕನ್ನಡ ವಿದ್ಯಾರ್ಥಿ: ಆಸರೆಯ ಒಂದು ಪರಂಪರೆ

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪನೆಯಾಯಿತು. ಅದರ ಇತಿಹಾಸವನ್ನು ಬರೆಯುವವರು ಕುಲಪತಿಗಳನ್ನೂ ಕಟ್ಟಡಗಳನ್ನೂ ಹೆಸರಾಂತ ಪದವೀಧರರನ್ನೂ ಕುರಿತು ಬರೆಯುವುದು ವಾಡಿಕೆ. ಪದವಿಯ ದಿನಕ್ಕೆ ಮೊದಲು ವಿದ್ಯಾರ್ಥಿಯು ಎಲ್ಲಿ ಉಂಡನು, ಎಲ್ಲಿ ಮಲಗಿದನು, ಯಾರ ದೀಪದ ಬೆಳಕಿನಲ್ಲಿ ಓದಿದನು, ಜ್ವರ ಬಂದಾಗ ಅವನ ಮಗ್ಗುಲಲ್ಲಿ ಯಾರಿದ್ದರು ಎಂಬ ಪ್ರಶ್ನೆಗಳಿಗೆ ಅಂಥ ಗ್ರಂಥಗಳಲ್ಲಿ ಉತ್ತರ ದೊರೆಯುವುದು ವಿರಳ. ಪರಸ್ಥಳದಿಂದ ಬಂದ ವಿದ್ಯಾರ್ಥಿಗೆ ಕಾಲೇಜಿನೊಳಗೆ ಪ್ರವೇಶ ದೊರೆಯುವುದು ಎಷ್ಟು ಮುಖ್ಯವೋ ಅಲ್ಲಿ ಕೊನೆಯವರೆಗೆ ನಿಲ್ಲುವ ಬಲ ದೊರೆಯುವುದೂ ಅಷ್ಟೇ ಮುಖ್ಯ. ಈ ಎರಡನೆಯ ಕಾರ್ಯವನ್ನು ಮುಂಬಯಿಯ ಕನ್ನಡಿಗರು ಹಲವು ತಲೆಮಾರುಗಳ ಕಾಲ ತಮ್ಮ ಹೆಗಲ ಮೇಲೆ ಹೊತ್ತು ನಡೆಸಿದರು. ಅದರ ಸ್ವರೂಪ, ಹಿರಿಮೆ, ಕೊರತೆ ಈ ಮೂರನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದುದು 1917ರಲ್ಲಿ. ಅದಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಹುಡುಗನು ಮೆಟ್ರಿಕ್ಯುಲೇಶನ್ ದಾಟಿ ಮುಂದೆ ಓದಬೇಕಾದರೆ ಪುಣೆಗೋ ಕೊಲ್ಲಾಪುರಕ್ಕೋ ಮುಂಬಯಿಗೋ ಹೋಗಬೇಕಾಗಿತ್ತು. 1845ರಲ್ಲಿ ತೆರೆದ ಗ್ರಾಂಟ್ ವೈದ್ಯಕೀಯ ಕಾಲೇಜೂ 1855ರಲ್ಲಿ ತೊಡಗಿದ ಸರಕಾರಿ ಕಾನೂನು ಶಿಕ್ಷಣವೂ ಮುಂಬಯಿಯಲ್ಲಿದ್ದವು. ನಾಡಿನ ಹಿರಿಯರು ಈ ಕಷ್ಟವನ್ನು ಬೇಗನೆ ಮನಗಂಡರು. ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ ವಿದ್ಯಾರ್ಥಿಗಳಿಗಾಗಿ ನಿಧಿಯನ್ನು ಕೂಡಿಸಿದರು. 1906ರಲ್ಲಿ ನಿಧನರಾದ ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗೆ ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ಹೀಗೆ ಹಣದ ದಾರಿಯು ಅಲ್ಪಸ್ವಲ್ಪ ತೆರೆಯಿತು. ಆದರೆ ಹಣವು ಊರಿನಿಂದ ಬರಬಹುದು. ಮನೆಯು ಊರಿನಿಂದ ಬರಲಾರದು.

ಮುಂಬಯಿಯಲ್ಲಿ ಮೊದಲ ಆಸರೆಯಾದುದು ನೆಂಟರ ಮನೆ. ಗಿರಗಾಂವದ ಚಾಳಿನ ಎರಡು ಕೋಣೆಗಳಲ್ಲಿ ಗೃಹಸ್ಥನ ಸಂಸಾರದ ಜತೆಗೆ ಊರಿನ ಒಬ್ಬಿಬ್ಬರು ಹುಡುಗರೂ ಇರುವುದು ಅಂದಿನ ಸಾಮಾನ್ಯ ದೃಶ್ಯ. ನೆಂಟರಿಲ್ಲದವನಿಗೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ, ಹೀಗೆ ಏಳು ಮನೆಗಳ ಊಟದಿಂದ ಒಂದು ವಾರ ಸಾಗುತ್ತಿತ್ತು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಈ ಪದ್ಧತಿಯು ಎಷ್ಟೋ ಬಡ ಹುಡುಗರನ್ನು ವಿದ್ವಾಂಸರನ್ನಾಗಿ ಮಾಡಿತೆಂಬುದು ನಿಜ. ಉಣ್ಣುವವನ ಮನಸ್ಸಿನಲ್ಲಿ ಋಣದ ಜತೆಗೆ ಒಂದು ಸಂಕೋಚವನ್ನೂ ಅದು ಬಿತ್ತುತ್ತಿತ್ತೆಂಬುದು ಅಷ್ಟೇ ನಿಜ.

ಔದಾರ್ಯವನ್ನು ಸಂಕೋಚದಿಂದ ಬಿಡಿಸಿ ವ್ಯವಸ್ಥೆಯನ್ನಾಗಿ ಮಾರ್ಪಡಿಸುವ ಪ್ರಯತ್ನಗಳು 20ನೆಯ ಶತಮಾನದ ಆರಂಭದಲ್ಲಿ ಕಾಣುತ್ತವೆ. ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ಕೆನರಾದ ಸಾರಸ್ವತರು ಇದರಲ್ಲಿ ಮುಂದಾಳುಗಳು. ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಹುಟ್ಟಿತು. 1915ರಲ್ಲಿ ಗಾಂದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಏರ್ಪಟ್ಟಿತು. ಇವು ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದವಲ್ಲ. ಆದರೂ ಸಾಲಕ್ಕೆ ಒಂದು ಬಾಗಿಲು, ವಾಸಕ್ಕೆ ಒಂದು ನೆಲೆ, ಪರಸ್ಪರ ಪರಿಚಯಕ್ಕೆ ಒಂದು ಸಂಘ ಇರುವ ಸಮಾಜದಲ್ಲಿ ಓದುವ ಹುಡುಗನು ಅನಾಥನಾಗುವ ಸಂಭವ ಕಡಿಮೆ.

ಎರಡನೆಯ ಪ್ರವಾಹವು ಇದಕ್ಕಿಂತ ಭಿನ್ನವಾದುದು. 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಮುಂಬಯಿಗೆ ಬಂದ ಹುಡುಗರು ಓದುವುದಕ್ಕೆಂದು ಬಂದವರಲ್ಲ, ದುಡಿಯುವುದಕ್ಕೆಂದು ಬಂದವರು. ಉಡುಪಿ ಹೋಟೆಲುಗಳಲ್ಲಿ, ಕಚೇರಿಗಳ ಕ್ಯಾಂಟೀನುಗಳಲ್ಲಿ ತಟ್ಟೆ ತೊಳೆಯುವ, ಮೇಜು ಒರೆಸುವ ಕೆಲಸದಿಂದ ಅವರ ಜೀವನ ಪ್ರಾರಂಭವಾಗುತ್ತಿತ್ತು. ಊಟವೂ ಮಲಗುವ ಜಾಗವೂ ಹೋಟೆಲಿನಲ್ಲಿಯೇ ದೊರೆಯುತ್ತಿದ್ದುದರಿಂದ ವಾರಾನ್ನದ ಪ್ರಶ್ನೆ ಅವರಿಗಿರಲಿಲ್ಲ. ಅವರಿಗೆ ಇಲ್ಲದಿದ್ದುದು ಹಗಲು. ಆದುದರಿಂದ ಅವರಿಗಾಗಿ ಶಾಲೆಯೇ ರಾತ್ರಿಗೆ ಬರಬೇಕಾಯಿತು.

ರಾತ್ರಿಶಾಲೆಯ ಕಲ್ಪನೆಯು ಕನ್ನಡಿಗರಿಂದ ಆರಂಭವಾದುದಲ್ಲ. ಜೋತಿರಾವ್ ಫುಲೆಯವರು 1855ರಲ್ಲಿ ಪುಣೆಯಲ್ಲಿ ದುಡಿಯುವವರಿಗಾಗಿ ಅಂಥ ಶಾಲೆಯನ್ನು ತೆರೆದಿದ್ದರು. ಎನ್. ಎಂ. ಜೋಶಿಯವರು 1911ರಲ್ಲಿ ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಮುಂಬಯಿಯ ಕಾರ್ಮಿಕರಿಗಾಗಿ ಇದೇ ಕಾರ್ಯವನ್ನು ಕೈಗೊಂಡಿತು. ಕನ್ನಡಿಗರ ವಿಶೇಷವೆಂದರೆ, ಹೋಟೆಲಿನ ಹುಡುಗನಿಗೆ ಅವನ ಭಾಷೆಯಲ್ಲಿಯೇ ಪ್ರೌಢಶಾಲೆಯ ಕೊನೆಯ ಪರೀಕ್ಷೆಯವರೆಗಿನ ವಿದ್ಯೆಯನ್ನು ಒದಗಿಸಿದುದು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ಉಚಿತ ರಾತ್ರಿಶಾಲೆಯನ್ನು ನಡೆಸಿ ದಾರಿ ತೋರಿಸಿತು. 1932ರ ಬಿಲ್ಲವರ ಅಸೋಸಿಯೇಶನ್ನಿನ ಆಶ್ರಯದಲ್ಲಿ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಯಿತು. ಫೋರ್ಟಿನ ಸುತ್ತಮುತ್ತ, ಹಗಲಿನಲ್ಲಿ ಬೇರೆ ಶಾಲೆ ನಡೆಯುವ ಕಟ್ಟಡಗಳಲ್ಲಿ, ಸಂಜೆಯ ಹೊತ್ತಿಗೆ ಕನ್ನಡ ಪಾಠಗಳು ಕೇಳಿಬರುತ್ತಿದ್ದವು. ಕಲಿಸುವವರಲ್ಲಿ ಅನೇಕರು ಹಗಲೆಲ್ಲ ಬೇರೆ ಕಡೆ ದುಡಿದು ಬಂದವರು, ಕಲಿಯುವವರೂ ಹಾಗೆಯೇ.

ಈ ವ್ಯವಸ್ಥೆಯು ನಿಂತುದು ಶುಲ್ಕದ ವಿನಾಯಿತಿಯೊಂದರ ಮೇಲೆ ಅಲ್ಲ. ಹೋಟೆಲಿನ ಯಜಮಾನನು ಗಿರಾಕಿಗಳು ತುಂಬಿರುವ ಸಂಜೆಯ ಹೊತ್ತಿನಲ್ಲಿ ಹುಡುಗನನ್ನು ಬಿಟ್ಟುಕೊಡಬೇಕಾಗಿತ್ತು. ಜತೆಯ ಕೆಲಸಗಾರನು ಅವನ ಪಾಲಿನ ಕೆಲಸವನ್ನು ಹೊರಬೇಕಾಗಿತ್ತು. ಪರೀಕ್ಷೆ ಮುಗಿದ ಮೇಲೆ ಕಚೇರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಶಿಫಾರಸು ಮಾಡುವ ಹಿರಿಯರೊಬ್ಬರು ಬೇಕಾಗಿತ್ತು. ಕೆಲಸ, ವಾಸ, ಶಾಲೆ ಮೂರೂ ಒಂದೇ ಬಳಗದ ಕಣ್ಣಳತೆಯಲ್ಲಿದ್ದುದರಿಂದ ಹುಡುಗನೊಬ್ಬನು ಎರಡು ದಿನ ಕಾಣದಿದ್ದರೆ ಅದು ಯಾರಿಗಾದರೂ ತಿಳಿಯುತ್ತಿತ್ತು. ಹಣಕ್ಕಿಂತ ಹೆಚ್ಚಾಗಿ ಹೊತ್ತು, ಹೊಣೆ, ಗಮನ ಇವು ಮೂರೇ ಈ ಆಸರೆಯ ಆಧಾರಸ್ತಂಭಗಳು.

ಆದರೆ ರಾತ್ರಿಶಾಲೆಯಿಂದ ಹೊರಬಿದ್ದವನಿಗೆ ಕಾಲೇಜಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಕಾಲೇಜು ನಡೆಯುವುದು ಹಗಲಿನಲ್ಲಿ. ಅವನ ಉದ್ಯೋಗವಿರುವುದೂ ಹಗಲಿನಲ್ಲಿ. ಈ ಬಿಕ್ಕಟ್ಟಿಗೆ ಪರಿಹಾರ ಬಂದುದು ಕನ್ನಡ ಸಂಘಗಳ ಆಚೆಯಿಂದ. ಡಾ. ಬಾಬಾಸಾಹೇಬ ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಕಟ್ಟಿ, 1946ರ ಜೂನ್ ತಿಂಗಳಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. ಕೆಲಸ ಮಾಡುತ್ತ ಓದುವವರಿಗೆ ಅನುಕೂಲವಾಗಲೆಂದು ಅಲ್ಲಿ ಪಾಠಗಳನ್ನು ಬೆಳಗಿನ ಹೊತ್ತಿಗೆ ಇರಿಸಲಾಯಿತು. ಮುಂಜಾನೆ ಕಾಲೇಜು, ಹಗಲು ಕಚೇರಿ ಎಂಬ ದಿನಚರಿಯು ಮುಂಬಯಿಯ ದುಡಿಯುವ ಯುವಕರಿಗೆ ಸಾಧ್ಯವಾದುದು ಇಂಥ ಕಾಲೇಜುಗಳಿಂದಲೇ. ಅದರ ಪ್ರಯೋಜನ ಕನ್ನಡಿಗರಿಗೂ ದೊರೆಯಿತು.

ಅಂಬೇಡ್ಕರರ ಈ ಏರ್ಪಾಡಿನ ಹಿಂದೆ ಅವರ ಸ್ವಂತ ವಿದ್ಯಾರ್ಥಿ ಜೀವನವಿತ್ತು. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಅವರ ಮನೆತನವೆಲ್ಲ ಇತ್ತು. ಮಗನು ಓದಲೆಂದು ತಂದೆಯವರು ನಡುರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸುತ್ತಿದ್ದರು. ಹುಡುಗನ ಓದಿನ ಆಸಕ್ತಿಯನ್ನು ಗಮನಿಸಿದ ಕೃಷ್ಣಾಜಿ ಅರ್ಜುನ ಕೇಳುಸ್ಕರರು ಮುಂದೆ ಬಡೋದೆಯ ಸಯಾಜಿರಾವ್ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯುವಂತೆ ಮಾಡಿದರು. ಎಲ್ಫಿನ್‌ಸ್ಟನ್ ಕಾಲೇಜಿನ ಪ್ರಾಧ್ಯಾಪಕ ಮುಲ್ಲರರು ಪುಸ್ತಕಗಳನ್ನೂ ಬಟ್ಟೆಗಳನ್ನೂ ಕೊಟ್ಟರು. ಆದರೆ ಅದೇ ಕಾಲೇಜಿನ ಉಪಾಹಾರಗೃಹದಲ್ಲಿ ಅವರಿಗೆ ಚಹವಾಗಲಿ ನೀರಾಗಲಿ ದೊರೆಯಲಿಲ್ಲ. ಒಂದು ಬಟ್ಟಲು ನೀರನ್ನು ನಿರಾಕರಿಸಿಕೊಂಡ ವಿದ್ಯಾರ್ಥಿಯು ಮುಂದೆ ಸಾವಿರಾರು ವಿದ್ಯಾರ್ಥಿಗಳ ದಿನಚರಿಯನ್ನು ಗಮನದಲ್ಲಿಟ್ಟು ಕಾಲೇಜನ್ನು ಕಟ್ಟಿದರೆಂಬುದು ಮುಂಬಯಿಯ ಶಿಕ್ಷಣ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಕನ್ನಡಿಗರ ಆಸರೆಯ ಮುಖ್ಯ ಕೊರತೆಯೂ ಇಲ್ಲಿಯೇ ಗೋಚರಿಸುತ್ತದೆ. ಆ ಆಸರೆಯು ಬಹುಮಟ್ಟಿಗೆ ಜಾತಿಯ ಗೆರೆಯನ್ನು ಅನುಸರಿಸಿ ಬೆಳೆಯಿತು. ವಾರಾನ್ನದ ಮನೆಯು ಎಲ್ಲ ಹುಡುಗರಿಗೂ ತೆರೆದಿರಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಬೇರೆ ಬೇರೆ ಸಮಾಜಗಳಿಗೆ ಬೇರೆ ಬೇರೆ ವಿದ್ಯಾರ್ಥಿ ನಿಲಯಗಳನ್ನು ಏರ್ಪಡಿಸಿದುದು ಅಂದಿನ ಸಮಾಜಸ್ಥಿತಿಯನ್ನು ಅರಿತೇ. ಮುಂಬಯಿಯಲ್ಲಿಯೂ ಸಂಘವುಳ್ಳ ಸಮಾಜದ ಹುಡುಗನಿಗೆ ಕೈಹಿಡಿಯುವವರಿದ್ದರು. ಸಂಘವಿಲ್ಲದ ಸಮಾಜದವನಿಗೆ ಅಂಥವರು ಇರಲಿಲ್ಲ. ಹೋಟೆಲಿನ ದುಡಿಮೆ ಗಂಡಸರದಾದುದರಿಂದ ರಾತ್ರಿಶಾಲೆಯೂ ಗಂಡುಮಕ್ಕಳದೇ ಆಯಿತು; ಹೆಣ್ಣುಮಕ್ಕಳ ಉಚ್ಚ ಶಿಕ್ಷಣದ ಚಿಂತೆ ಈ ವ್ಯವಸ್ಥೆಯ ಹೊರಗೆ ಉಳಿಯಿತು. ಊಟ, ವಾಸ, ಸಂಬಳ ಮೂರನ್ನೂ ಒಬ್ಬನೇ ಯಜಮಾನನು ಕೊಡುವಲ್ಲಿ ಹುಡುಗನ ಓದು ಆ ಒಬ್ಬನ ಮನಸ್ಸನ್ನು ಅವಲಂಬಿಸಿತ್ತು ಎಂಬುದನ್ನೂ ಹೇಳಬೇಕು. ಪ್ರೀತಿಯಿಂದ ಕೊಟ್ಟುದು ಹಕ್ಕಾಗದಿದ್ದರೆ ಕೊಡುವವನ ಮರ್ಜಿ ಬದಲಾದ ದಿನ ಅದು ನಿಂತುಹೋಗುತ್ತದೆ.

ಸ್ವಾತಂತ್ರ್ಯಾನಂತರ ಸಂಘಗಳು ಶಾಲೆಯಿಂದ ಕಾಲೇಜಿಗೆ ಮುನ್ನಡೆದವು. ಚೆಂಬೂರು ಕರ್ನಾಟಕ ಸಂಘವು ಪ್ರೌಢಶಾಲೆಯ ಜತೆಗೆ ಕಾನೂನು ಕಾಲೇಜನ್ನೂ ಕಟ್ಟಿತು. ವಡಾಲದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಸಂಸ್ಥೆಗಳು ಬೆಳೆದವು. 1927ರಲ್ಲಿ ಸ್ಥಾಪನೆಯಾದ ಬಂಟರ ಸಂಘವು ಪೊವಾಯಿಯಲ್ಲಿ ಎಸ್. ಎಂ. ಶೆಟ್ಟಿ ವಿದ್ಯಾಸಂಸ್ಥೆಗಳನ್ನು ತೆರೆಯಿತು. ಇವುಗಳ ಕಾಲೇಜುಗಳಲ್ಲಿ ಎಲ್ಲ ಭಾಷೆಯ, ಎಲ್ಲ ಸಮಾಜದ ವಿದ್ಯಾರ್ಥಿಗಳೂ ಓದುತ್ತಾರೆ. 1978ರಲ್ಲಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವು ಸ್ಥಾಪನೆಯಾಗಿ, ಶ್ರೀನಿವಾಸ ಹಾವನೂರರು ಅದರ ಮೊದಲ ಮುಖ್ಯಸ್ಥರಾದರು.

ಇತ್ತ ರಾತ್ರಿಶಾಲೆಗಳು ಕ್ಷೀಣಿಸಿದವು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಯು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಊರಿನಲ್ಲಿಯೇ ಶಾಲೆ ಕಾಲೇಜುಗಳು ಹೆಚ್ಚಿದುವು. ಹಿಂದೆ ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಕಳುಹಿಸಿದರು. ಇವುಗಳಲ್ಲಿ ಮೊದಲೆರಡು ಶೋಕಿಸಬೇಕಾದ ಸಂಗತಿಗಳಲ್ಲ. ಬಾಲಕನು ದುಡಿಯದೆ ಓದಬೇಕೆಂಬುದೇ ರಾತ್ರಿಶಾಲೆಯನ್ನು ಕಟ್ಟಿದವರ ಆಶಯವೂ ಆಗಿದ್ದಿರಬೇಕು. ಆದರೆ ಶಾಲೆಯ ಜತೆಗೆ ಅದರ ಸುತ್ತಲಿದ್ದ ಗಮನವೂ ಕರಗಿತು. ಈಗ ಸಂಘಗಳು ವಿದ್ಯಾರ್ಥಿಗಾಗಿ ಮಾಡುವ ಕಾರ್ಯದಲ್ಲಿ ಎದ್ದು ಕಾಣುವುದು ವರ್ಷಕ್ಕೊಮ್ಮೆ ನಡೆಯುವ ವಿದ್ಯಾರ್ಥಿವೇತನದ ಸಮಾರಂಭ. ವಿದ್ಯಾರ್ಥಿಯು ವೇದಿಕೆಯನ್ನು ಹತ್ತಿ ಲಕೋಟೆಯನ್ನು ಪಡೆದು ಇಳಿದುಹೋಗುತ್ತಾನೆ. ಮುಂದಿನ ವರ್ಷದವರೆಗೆ ಅವನ ಕ್ಷೇಮವನ್ನು ಕೇಳುವವರು ವಿರಳ.

ಇಂದಿನ ವಿದ್ಯಾರ್ಥಿಯ ಕಷ್ಟವು ಅನ್ನದ್ದು ಮಾತ್ರವಲ್ಲ, ಒಂಟಿತನದ್ದು. ದೇವನಾರಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯು 2012ರಲ್ಲಿ ದೂರವಾಣಿಯ ಮೂಲಕ ಮನಸ್ಸಿನ ಸಂಕಟಕ್ಕೆ ಕಿವಿಗೊಡುವ ಐಕಾಲ್ ಸೇವೆಯನ್ನು ತೊಡಗಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಗಳನ್ನು ಗಂಭೀರವಾಗಿ ಪರಿಗಣಿಸಿದ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ ತಿಂಗಳಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಾದ ಆಪ್ತ ಸಲಹೆಗಾರರನ್ನು ನೇಮಿಸಬೇಕೆಂದು ನಿರ್ದೇಶಿಸಿತು. ಹಿಂದೆ ಮರ್ಜಿಯಾಗಿದ್ದುದು ಹೀಗೆ ಹಕ್ಕಾಗತೊಡಗಿರುವುದು ಸ್ವಾಗತಾರ್ಹ. ಆದರೆ ಸಲಹೆಗಾರರ ಕೋಣೆಗೆ ಬರುವವನ ಕಷ್ಟ ಸಲಹೆಗಾರರಿಗೆ ತಿಳಿಯುತ್ತದೆ. ಬಾರದವನ ಕಷ್ಟವನ್ನು ತಿಳಿಯಲು ಅವನ ನಿತ್ಯದ ಬಾಳನ್ನು ಬಲ್ಲವರೊಬ್ಬರು ಬೇಕು. ಆ ಒಬ್ಬರನ್ನು ಒದಗಿಸುವ ಶಕ್ತಿ ಮುಂಬಯಿಯ ಕನ್ನಡ ಸಂಘಗಳಿಗೆ ಈಗಲೂ ಉಂಟು. ವೇತನ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಗೂ ವಿದ್ಯಾರ್ಥಿನಿಗೂ ಜಾತಿಯನ್ನು ಕೇಳದೆ ಒಂದು ಮನೆಯ ಪರಿಚಯವನ್ನು ಮಾಡಿಕೊಡುವುದಕ್ಕೆ ದೊಡ್ಡ ನಿಧಿಯ ಅಗತ್ಯವಿಲ್ಲ.

ಇದರ ಜತೆಗೆ ಮತ್ತೊಂದು ಕರ್ತವ್ಯವೂ ಉಂಟು. ಯಾವ ಊರಿನ ಯಾವ ಹುಡುಗನು ಯಾವ ಹೋಟೆಲಿನಿಂದ ಬಂದು ಎಷ್ಟು ವರ್ಷ ಓದಿದನೆಂಬುದಕ್ಕೆ ರಾತ್ರಿಶಾಲೆಗಳ ಹಾಜರಿ ಪುಸ್ತಕಗಳೂ ದಾಖಲಾತಿಯ ರಿಜಿಸ್ಟರುಗಳೂ ಸಂಘಗಳ ನಡವಳಿ ಪುಸ್ತಕಗಳೂ ಸಾಕ್ಷಿ. ಕಟ್ಟಡಗಳು ಹೊಸದಾಗುವಾಗ ಮೊದಲು ನಾಶವಾಗುವುದು ಇಂಥ ಕಾಗದಗಳೇ. ಅವುಗಳನ್ನು ಕೂಡಿಸಿ ಕಾಪಾಡಿದರೆ ನಗರದಲ್ಲಿ ಕನ್ನಡಿಗರ ವಿದ್ಯೆಯ ನಿಜವಾದ ಚರಿತ್ರೆಯನ್ನು ಬರೆಯುವುದು ಸಾಧ್ಯವಾದೀತು. ಆಸರೆಯನ್ನು ಮತ್ತೆ ಕಟ್ಟುವವರಿಗೆ ಹಿಂದಿನವರ ಹಿರಿಮೆಯೂ ತಪ್ಪೂ ಏಕಕಾಲದಲ್ಲಿ ಕೈಗೆ ದೊರೆತೀತು.