ನಿತ್ಯಪುಷ್ಪವೂ ಕೋಶಕೃಷಿಯೂ

ಬೀದರ ನಗರಕ್ಕೆ ವೈದ್ಯವಿದ್ಯೆಯು ಹೊಸದಲ್ಲ. 1436ರಿಂದ 1458ರ ವರೆಗೆ ಆಳಿದ ಬಹಮನೀ ಸುಲ್ತಾನ ಎರಡನೆಯ ಅಲಾಉದ್ದೀನ ಅಹಮದ ಶಾಹನು ಈ ರಾಜಧಾನಿಯಲ್ಲಿ ದೊಡ್ಡ ದವಾಖಾನೆಯನ್ನು ಕಟ್ಟಿಸಿ, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ನಿಯಮಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟುಕೊಟ್ಟನೆಂದು ಇತಿಹಾಸಕಾರನಾದ ಫಿರಿಸ್ತನು ಬರೆದಿರುವನು.

ಇಂದು ಬೀದರ, ಭಾಲ್ಕಿ, ಔರಾದಗಳ ಅಂಗಳಗಳಲ್ಲಿ ಕಾಣುವ ಹೂಗಿಡವೊಂದಕ್ಕೂ ವೈದ್ಯಚರಿತ್ರೆಯಲ್ಲಿ ಸ್ಥಾನವುಂಟು. ಕನ್ನಡಿಗರು ನಿತ್ಯಪುಷ್ಪವೆಂದೂ ಮರಾಠಿಗರು ಸದಾಫುಲಿಯೆಂದೂ ಕರೆಯುವ ಈ ಗಿಡದ ತವರು ಮಡಗಾಸ್ಕರ ದ್ವೀಪ. ಇದರ ಎಲೆಯು ಮಧುಮೇಹಕ್ಕೆ ಮದ್ದೆಂಬ ನಂಬಿಕೆ ಹಲವು ದೇಶಗಳಲ್ಲಿತ್ತು. 1952ರಲ್ಲಿ ಜಮೈಕಾದಿಂದ ಬಂದ ಎಲೆಗಳ ಸಾರವನ್ನು ಕೆನಡಾದ ರಾಬರ್ಟ್ ನೋಬಲರು ಪರೀಕ್ಷಿಸಲಾಗಿ, ರಕ್ತದ ಸಕ್ಕರೆಯು ಇಳಿಯಲಿಲ್ಲ. ಬಿಳಿಯ ರಕ್ತಕಣಗಳು ಇಳಿದುವು. ಈ ವೈಫಲ್ಯವೇ ಮಹಾಫಲವಾಯಿತು. ಚಾರ್ಲ್ಸ್ ಬೀರರೊಡನೆ ಅವರು 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಅರ್ಬುದಹರ ದ್ರವ್ಯವನ್ನು ಪ್ರಕಟಪಡಿಸಿದರು. ಅದೇ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್, ಮಕ್ಕಳ ರಕ್ತಾರ್ಬುದಕ್ಕೆ ಮುಖ್ಯೌಷಧಗಳಲ್ಲೊಂದಾಯಿತು.

ಆದರೆ ಪ್ರಕೃತಿಯು ಈ ವಿಷಯದಲ್ಲಿ ಬಹು ಜಿಪುಣೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನಿಗೆ ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕು. ಆದುದರಿಂದ ಗಿಡವನ್ನು ಬಿಟ್ಟು ಅದರ ಜೀವಕೋಶಗಳನ್ನೇ ಸಕ್ಕರೆ, ಲವಣ, ಚೋದಕಗಳ ದ್ರವದಲ್ಲಿ ಬೆಳೆಸುವ ಯತ್ನ ನಡೆಯಿತು. ಹಾಬರ್ಲಾಂಟನು 1902ರಲ್ಲಿ ಕಲ್ಪಿಸಿದ ಈ ವಿದ್ಯೆಯು 1939ರಲ್ಲಿ ಅಮೆರಿಕ, ಫ್ರಾನ್ಸುಗಳಲ್ಲಿ ಕೈಗೂಡಿತ್ತು. ನಿತ್ಯಪುಷ್ಪದ ಕೋಶಗಳು ಪಾತ್ರೆಯಲ್ಲಿ ಸೊಂಪಾಗಿ ಬೆಳೆದುವು. ಕ್ಯಾಥರಾಂಥಿನ್ ಎಂಬ ಅರ್ಧಾಂಗವನ್ನೂ ಕೊಟ್ಟುವು. ಇನ್ನರ್ಧವಾದ ವಿಂಡೋಲಿನನ್ನು ಮಾತ್ರ ಕೊಡಲಿಲ್ಲ. ಏಕೆಂದರೆ ಅದರ ಕೊನೆಯ ಹಂತಗಳು ಬೆಳಕುಂಡ ಎಲೆಯ ವಿಶೇಷ ಕೋಶಗಳಲ್ಲಿಯೇ ನಡೆಯತಕ್ಕವು.

ಇತ್ತ ಯೂ ಮರದ ಟ್ಯಾಕ್ಸಾಲ್ ಔಷಧಕ್ಕೆ ಇದೇ ವಿದ್ಯೆ ಫಲಿಸಿತು. ತೊಗಟೆಗಾಗಿ ಮರವನ್ನು ಕೊಲ್ಲುವ ಬದಲು ದೊಡ್ಡ ತೊಟ್ಟಿಗಳಲ್ಲಿ ಕೋಶಗಳನ್ನು ಬೆಳೆಸಿ ಅದನ್ನು ಪಡೆಯುವ ಕ್ರಮಕ್ಕೆ 2004ರಲ್ಲಿ ಅಮೆರಿಕದ ಹಸಿರು ರಸಾಯನ ಪುರಸ್ಕಾರ ಸಂದಿತು. 2022ರಲ್ಲಿ ಯೀಸ್ಟಿನಿಂದಲೇ ವಿಂಡೋಲಿನ್, ಕ್ಯಾಥರಾಂಥಿನ್‌ಗಳನ್ನು ಪಡೆದು, ಅವನ್ನು ಕೂಡಿಸಿ ವಿನ್‌ಬ್ಲಾಸ್ಟಿನ್ ಮಾಡಿ ತೋರಿಸಲಾಯಿತು.

ಇಷ್ಟಾದರೂ ಅಂಗಳದ ಎಲೆಯನ್ನು ಕಿತ್ತು ಅಗಿಯುವುದು ಚಿಕಿತ್ಸೆಯಲ್ಲ. ರೋಗಕೋಶವನ್ನು ಕೊಲ್ಲುವ ವಿಷವೇ ಆರೋಗ್ಯವಂತನ ರಕ್ತವನ್ನೂ ಕೆಡಿಸಬಲ್ಲುದು. ವಿಷವನ್ನು ಅಮೃತವಾಗಿಸುವುದು ಪ್ರಮಾಣಜ್ಞಾನವೊಂದೇ. ಹಿಂದೂ ವೈದ್ಯನೂ ಮುಸಲ್ಮಾನ ಹಕೀಮನೂ ಒಂದೇ ಸೂರಿನಡಿ ಕುಳಿತಿದ್ದ ಬೀದರಕ್ಕೆ ಈ ಮಾತು ಹೊಸದಾಗಲಾರದು.