ಪ್ರಮಾಣವಲ್ಲ, ತಳದ ಏರಿಳಿತ: ಸುಮಾತ್ರದ ನಾಲ್ಕು ಭೂಕಂಪಗಳು ಮತ್ತು ಸುನಾಮಿಯ ಹುಟ್ಟು

2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರದ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದ ತಳದಲ್ಲಿ 8.6 ಪ್ರಮಾಣದ ಭೂಕಂಪವಾಯಿತು. ಅದರ ನಡುಕ ಬೆಂಗಳೂರಿಗೂ ಮುಟ್ಟಿ, ಜನ ಬಹುಮಹಡಿ ಕಟ್ಟಡಗಳಿಂದ ಇಳಿದು ಬೀದಿಗೆ ಬಂದರು. ಆದರೆ ಸುಮಾತ್ರದ ದಡದಲ್ಲೇ ಕಡಲು ಏರಿದ್ದು ಸುಮಾರು ಒಂದು ಮೀಟರು. ಅದಕ್ಕೂ ಒಂದೂವರೆ ವರ್ಷ ಮೊದಲು, 2010ರ ಅಕ್ಟೋಬರ್ 25ರಂದು, ಅದೇ ಸುಮಾತ್ರದ ಮೆಂತಾವಾಯಿ ದ್ವೀಪಗಳ ಬಳಿ ಆದ ಭೂಕಂಪದ ಪ್ರಮಾಣ 7.8 ಮಾತ್ರ, ಪ್ರಮಾಣದ ಲೆಕ್ಕದಲ್ಲಿ ಅದರ ಶಕ್ತಿ 2012ರದರ ಹದಿನಾರರಲ್ಲೊಂದು ಪಾಲು. ಅಲ್ಲಿ ಸುನಾಮಿಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ದೊಡ್ಡ ಭೂಕಂಪ ದೊಡ್ಡ ಸುನಾಮಿಯನ್ನು ಎಬ್ಬಿಸುತ್ತದೆ ಎಂಬ ತಿಳಿವಳಿಕೆ ಈ ಎರಡು ಘಟನೆಗಳ ಮುಂದೆ ನಿಲ್ಲುವುದಿಲ್ಲ. ನೀರನ್ನು ಎಬ್ಬಿಸುವುದು ನೆಲದ ನಡುಕವಲ್ಲ, ತಳದ ಸ್ಥಾನಪಲ್ಲಟ ಎಂಬುದು ಈ ಲೇಖನದ ವಾದ.

2004ರ ಡಿಸೆಂಬರ್ 26ರ ಭೂಕಂಪ ಮತ್ತು ಸುನಾಮಿಯಲ್ಲಿ ಇದರ ಪೂರ್ಣರೂಪ ಕಾಣುತ್ತದೆ. ಸುಮಾತ್ರ–ಅಂಡಮಾನ್ ಕಂದಕದಲ್ಲಿ ಭಾರತ ಭೂಫಲಕವು ಪೂರ್ವದ ಫಲಕದ ಅಡಿಗೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಜಾರುತ್ತಿದೆ. ಎರಡರ ನಡುವಿನ ಮೈ ಕಚ್ಚಿಕೊಂಡಿರುವುದರಿಂದ ಮೇಲಿನ ಫಲಕದ ಅಂಚೂ ಶತಮಾನಗಟ್ಟಲೆ ಕೆಳಗೆ ಎಳೆಯಲ್ಪಟ್ಟು ಬಾಗುತ್ತದೆ. ಆ ಬೆಳಿಗ್ಗೆ 6.28ಕ್ಕೆ ಕಚ್ಚು ಬಿಟ್ಟಿತು. ಬಿರುಕು ಉತ್ತರಕ್ಕೆ 1,200 ಕಿಲೋಮೀಟರಿಗೂ ಹೆಚ್ಚು ಓಡಿತು. ಅಂಚು ಮೇಲಕ್ಕೆ ಚಿಮ್ಮಿ ಕಡಲತಳ ಮೀಟರುಗಳಷ್ಟು ಎದ್ದಿತು. ಅದರ ಪೂರ್ವದ ನೆಲ ಕುಸಿಯಿತು. ಇದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಗ್ರೇಟ್ ನಿಕೋಬಾರ್‌ನ ಇಂದಿರಾ ಪಾಯಿಂಟ್ ಸುಮಾರು ನಾಲ್ಕು ಮೀಟರು ತಗ್ಗಿ, ದೀಪಸ್ತಂಭದ ಬುಡ ನೀರಿಗಿಳಿಯಿತು. ಅಂಡಮಾನಿನ ವಾಯವ್ಯ ದಂಡೆಯಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಸತ್ತವು. ಯಾವುದೇ ಉಪಕರಣದ ಹಂಗಿಲ್ಲದೆ ತಳದ ಏರಿಳಿತವನ್ನು ದಾಖಲಿಸಿದ ಈ ಹವಳಗಳನ್ನು ನಾನು ಮೊದಲ ದರ್ಜೆಯ ಆಕರವೆಂದೇ ಎಣಿಸುತ್ತೇನೆ.

ತಳ ಎದ್ದರೆ ನೀರು ಪಕ್ಕಕ್ಕೆ ಹರಿದು ಹೋಗಬಾರದೇಕೆ? ಹರಿಯಲು ಅದಕ್ಕೆ ಸಮಯವಿಲ್ಲ. ಸುನಾಮಿಯ ವೇಗ ಗುರುತ್ವ ವೇಗೋತ್ಕರ್ಷ ಮತ್ತು ನೀರಿನ ಆಳ ಇವುಗಳ ಗುಣಲಬ್ಧದ ವರ್ಗಮೂಲ. 4,000 ಮೀಟರು ಆಳದಲ್ಲಿ ಇದು ಸೆಕೆಂಡಿಗೆ ಸುಮಾರು 200 ಮೀಟರು, ಗಂಟೆಗೆ 700 ಕಿಲೋಮೀಟರಿಗೂ ಮೇಲೆ. 100 ಕಿಲೋಮೀಟರು ಅಗಲದ ತಳ ಎದ್ದರೆ ಅದರ ಮೇಲಿನ ನೀರು ಸರಿದುಹೋಗಲು ಎಂಟು ನಿಮಿಷ ಬೇಕು. ಆದರೆ ಒಂದೊಂದು ಜಾಗದಲ್ಲಿ ತಳ ಏಳುವುದು ಒಂದೆರಡು ನಿಮಿಷದೊಳಗೆ. ಆದ್ದರಿಂದ ತಳದ ಆಕಾರವೇ ಬಹುಮಟ್ಟಿಗೆ ಕಡಲ ಮೇಲ್ಮೈಯಲ್ಲಿ ಅಚ್ಚೊತ್ತುತ್ತದೆ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಯ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಇಲ್ಲಿ ಚಲಿಸುವುದು ತಳದಿಂದ ಮೇಲಿನವರೆಗಿನ ಇಡೀ ನೀರು.

ತೆರೆದ ಸಾಗರದಲ್ಲಿ ಇದು ಕಣ್ಣಿಗೆ ಬೀಳದು. 2004ರ ಭೂಕಂಪವಾಗಿ ಎರಡು ಗಂಟೆಗೆ ಬಂಗಾಳ ಕೊಲ್ಲಿಯ ಮೇಲೆ ಹಾದ ಜೇಸನ್-1 ಉಪಗ್ರಹ ಅಳೆದ ಅಲೆ ಸುಮಾರು 60 ಸೆಂಟಿಮೀಟರು. ದಡದ ಹತ್ತಿರ ವೇಗ ಕುಗ್ಗಿದಂತೆ ಶಕ್ತಿ ಒತ್ತೊತ್ತಾಗಿ ಎತ್ತರ ಹೆಚ್ಚುತ್ತದೆ. ಪಶ್ಚಿಮದಲ್ಲಿ ಉಬ್ಬು, ಪೂರ್ವದಲ್ಲಿ ತಗ್ಗು ಇದ್ದುದರಿಂದ ಥಾಯ್ಲೆಂಡಿನಲ್ಲಿ ಕಡಲು ಮೊದಲು ಹಿಂದೆ ಸರಿಯಿತು. ಶ್ರೀಲಂಕಾ, ತಮಿಳುನಾಡಿನ ಕಡೆಗೆ ಮೊದಲು ಬಂದದ್ದು ಉಬ್ಬೇ. ಕಡಲು ಹಿಂದೆ ಸರಿಯುವುದನ್ನೇ ಮುನ್ಸೂಚನೆಯೆಂದು ಕಲಿಸುವುದು ಹಾಗಾಗಿ ಅಪಾಯಕರ.

2005ರ ಮಾರ್ಚ್ 28ರ ನಿಯಾಸ್ ಭೂಕಂಪವೂ 8.6 ಪ್ರಮಾಣದ್ದೇ, ಅದೇ ಕಂದಕದ್ದೇ. ಎದ್ದ ನೆಲದ ಬಹುಭಾಗ ದ್ವೀಪಗಳು ಮತ್ತು ಆಳವಿಲ್ಲದ ನೀರಿನ ಕೆಳಗಿತ್ತು. ಎತ್ತಲು ನೀರೇ ಕಡಿಮೆಯಿದ್ದುದರಿಂದ ಸುನಾಮಿಯೂ ಚಿಕ್ಕದಾಗಿತ್ತು. 2012ರದು ಬೇರೆಯೇ ಬಗೆ: ಕಂದಕದಾಚೆ, ಸಾಗರಫಲಕದ ಒಡಲಲ್ಲಿ, ಬಂಡೆಗಳು ಅಕ್ಕಪಕ್ಕಕ್ಕೆ ಸರಿದವು. ಕಡಲತಳ ಪಕ್ಕಕ್ಕೆ ಜರುಗಿತೇ ಹೊರತು ಹೆಚ್ಚೇನೂ ಏರಲಿಲ್ಲ.

ಮೆಂತಾವಾಯಿಯದೇ ಹೆಚ್ಚು ಕಳವಳದ ಪ್ರಕರಣ. ಅಲ್ಲಿ ಬಿರುಕು ಕಂದಕದ ಅಂಚಿನವರೆಗೆ, ಆಳದ ನೀರಿನಡಿಗೆ, ನಿಧಾನವಾಗಿ ಸಾಗಿತು. ನಿಧಾನವಾದ್ದರಿಂದ ನಡುಕ ಸೌಮ್ಯ. ಮೇಲುಮಟ್ಟದಲ್ಲಿ ಜಾರಿದ್ದರಿಂದ ತಳದ ಏರಿಕೆ ಹೆಚ್ಚು. ಭೂಕಂಪಶಾಸ್ತ್ರಜ್ಞ ಹಿರೋ ಕನಮೋರಿ 1972ರಲ್ಲಿ ಇಂಥವನ್ನು ‘ಸುನಾಮಿ ಭೂಕಂಪ’ ಎಂದು ಪ್ರತ್ಯೇಕಿಸಿದರು. ಉತ್ತರದ ಸಿಮೆಲ್ಯು ದ್ವೀಪದ ಜನ 1907ರ ಸುನಾಮಿ ದುರಂತದ ನೆನಪನ್ನು ‘ಸ್ಮೊಂಗ್’ ಎಂಬ ಹೆಸರಿನಲ್ಲಿ ಬಾಯಿಂದ ಬಾಯಿಗೆ ಉಳಿಸಿಕೊಂಡು, 2004ರಲ್ಲಿ ನೆಲ ನಡುಗಿದೊಡನೆ ಗುಡ್ಡ ಹತ್ತಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚಿನ ಜನರಲ್ಲಿ ಸತ್ತವರು ಏಳು ಮಂದಿ. ಮೆಂತಾವಾಯಿಯಲ್ಲಿ ನಡುಕ ಅಂಥ ಭಯ ಹುಟ್ಟಿಸಲಿಲ್ಲ. ಎಷ್ಟು ಜೋರು ಎನ್ನುವುದಕ್ಕಿಂತ ಎಷ್ಟು ಹೊತ್ತು ನಡುಗಿತು ಎನ್ನುವುದನ್ನು ಗಮನಿಸಲು ಜನರಿಗೆ ಹೇಳಿಕೊಡಬೇಕಿದೆ.

ಭೂಕಂಪಮಾಪಕ ಮೊದಲ ನಿಮಿಷಗಳಲ್ಲಿ ಹೇಳುವುದು ಪ್ರಮಾಣ ಮತ್ತು ಸ್ಥಳ. ತಳ ಎದ್ದಿತೇ ಎಂಬುದನ್ನು ಕಡಲೇ ಹೇಳಬೇಕು. 2007ರಿಂದ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯಿಸ್‌ನಲ್ಲಿ ನಡೆಯುತ್ತಿರುವ ಮುನ್ನೆಚ್ಚರಿಕೆ ಕೇಂದ್ರ ಅದಕ್ಕೆಂದೇ ಕಡಲತಳದ ಒತ್ತಡಮಾಪಕಗಳನ್ನು ನೆಚ್ಚಿದೆ. ಕಿಲೋಮೀಟರುಗಳ ಆಳದಲ್ಲಿದ್ದೂ ಅವು ಮೇಲಿನ ನೀರು ಸೆಂಟಿಮೀಟರಿನಷ್ಟು ಏರಿದ್ದನ್ನು ಗುರುತಿಸಬಲ್ಲವು. 2012ರ ಆ ಮಧ್ಯಾಹ್ನ ಭೂಕಂಪದ ಪ್ರಮಾಣ ನೋಡಿ ಹೊರಟ ಎಚ್ಚರಿಕೆಯನ್ನು, ಕಡಲಮಟ್ಟದ ಅಳತೆಗಳು ಬಂದ ಮೇಲೆ, ಕೆಲವೇ ಗಂಟೆಗಳಲ್ಲಿ ಹಿಂತೆಗೆದುಕೊಳ್ಳಲಾಯಿತು.